ನೂರಮಹಮ್ಮದನ ಪರದೆಯ ಫೋನು

ಜತ್ತದ ನನ್ನ ಫೋಟೊ ಸ್ಟುಡಿಯೊಕ್ಕೆ ಹೊಸ ಪರದೆ ಬೇಕಾದಾಗ ಪೇಂಟರ್ ನೂರಮಹಮ್ಮದನಿಗೆ ನಾನು ಬರೆಯಲು ಹೇಳಿದ್ದು ತಾಜಮಹಲು. ಅವನು ಬಾಗಿಲು ಹಾಕಿಕೊಂಡು ಬರೆದದ್ದು ಎರಡು ಸಾವಿರದ ಇಸವಿ. ಅದು ತೊಂಬತ್ತೊಂದರ ಮಾತು.

ಯಾವುದೋ ಹಳೆಯ ಮರಾಠಿ ದೀಪಾವಳಿ ಸಂಚಿಕೆಯಲ್ಲಿ ಮುಂದಿನ ಕಾಲದ ಚಿತ್ರವೊಂದನ್ನು ನೋಡಿದ್ದನಂತೆ, ಅಷ್ಟಕ್ಕೇ ತಲೆ ಕೆಟ್ಟಿತ್ತು. ಬೆಳ್ಳಿ ಬಣ್ಣದ ಕಟ್ಟಡಗಳು, ಗಾಜಿನ ಬರಣಿಯಲ್ಲಿ ಬೆಳೆದ ಜೋಳ, ರೆಕ್ಕೆ ಮೂಡಿದ ಕೆಂಪು ಎಸ್.ಟಿ. ಬಸ್ಸು. ಬಸ್ಸಿಗೆ ‘ಜತ್ತ–ಚಂದ್ರ’ ಎಂಬ ಬೋರ್ಡು, ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ. ಎಡಕ್ಕೆ, ನಿಂತವರ ಮುಖದ ಎತ್ತರಕ್ಕೆ, ಒಂದು ಫೋನು. ಅದಕ್ಕೆ ಊಟದ ತಾಟಿನಷ್ಟು ದೊಡ್ಡ ಗಾಜು. ಮಾತಾಡುವವರ ಮುಖ ಅದರಲ್ಲಿ ಕಾಣುತ್ತದಂತೆ. ಗಾಜನ್ನು ಮಾತ್ರ ಖಾಲಿ ಬಿಟ್ಟಿದ್ದ.

“ಇದರ ಮುಂದ ಯಾ ಹುಚ್ಚ ಫೋಟೊ ತೆಗಿಸ್ಕೊಂತಾನೊ ನೂರಭಾಯಿ?” ಎಂದು ರೇಗಿದೆ.

“ತಡೀರಿ ಶ್ರೀಶೈಲಪ್ಪಾರ. ಗಾಜಿನ್ಯಾಗ ಮಂದಿ ತಮ್ಮವರನ್ನ ತಂದ ಹಚ್ತಾರ.”

ಹಾಗೇ ಆಯಿತು. ದೂರ ಇದ್ದವರ, ತೀರಿಕೊಂಡವರ ಫೋಟೊ ತಂದು ಆ ಗಾಜಿಗೆ ಗುಂಡುಪಿನ್ನಿನಿಂದ ಚುಚ್ಚಿಸಿ, ನೂರಮಹಮ್ಮದ ಸಾಂಗಲಿಯ ಗುಜರಿ ಅಂಗಡಿಯಿಂದ ತಂದಿದ್ದ ಕರಿ ರಿಸೀವರು ಹಿಡಿದು ಮಂದಿ ನಿಲ್ಲತೊಡಗಿದರು. ಸೋನ್ಯಾಳದ ಕಾಳವ್ವನ ಮಗ ಮಿಲಿಟರಿಯಲ್ಲಿದ್ದ. ಅವಳು ರಿಸೀವರು ಹಿಡಿದವಳೇ “ಉಂಡೇನಪಾ? ಅಲ್ಲಿ ಥಂಡಿ ಭಾಳ ಐತೇನು?” ಎಂದು ಶುರು ಮಾಡಿದಳು.

“ಬಾಯಿ ಮುಚ್ಚಬೇ, ಫೋಟೊ ಕೆಡತೈತಿ,” ಎಂದೆ.

“ಮಗನ ಜೋಡಿ ಬಾಯಿ ಮುಚ್ಚಿ ಹೆಂಗ ಮಾತಾಡ್ಲೆಪಾ?” ಎಂದಳು.

ಬಾಯಿ ತೆರೆದೇ ಬಂದ ಆ ಫೋಟೊದಷ್ಟು ಒಳ್ಳೆಯ ಫೋಟೊ ನನ್ನ ಕೈಯಿಂದ ಮತ್ತೆ ಬರಲಿಲ್ಲ.

ಊರವರ ಮುಖಗಳನ್ನೆಲ್ಲ ಹಚ್ಚಿದ ನೂರಮಹಮ್ಮದನಿಗೆ ತನ್ನವರದೊಂದು ಮುಖ ಹಚ್ಚುವ ಆಸೆಯಿತ್ತು. ಮಗಳು ಆರಜೂ ತೊಟ್ಟಿಲಲ್ಲಿರುವಾಗಲೇ ಹೆಂಡತಿ ಮಾಲನಬಿ ಜ್ವರ ಬಂದು ತೀರಿಕೊಂಡಿದ್ದಳು. ಅವಳದೊಂದೂ ಫೋಟೊ ಇರಲಿಲ್ಲ. ಕ್ಯಾಮೆರಾ ಕಂಡರೆ ಸೆರಗೆಳೆದುಕೊಂಡು ಓಡುವ ಹೆಂಗಸು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅವನು ರಟ್ಟಿನ ಮೇಲೆ ಅವಳನ್ನು ಬರೆಯುವನು, ದೂರ ಹಿಡಿದು ನೋಡುವನು, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿಬಿಡುವನು.

“ಯಾರೂ ನೋಡದ ಬಸ್ಸ ಬರದಿ. ಮನ್ಯಾಗಿದ್ದ ಹೆಣ್ಮಗಳನ್ನ ಬರೀಲಾಕ ಏನ ಧಾಡಿ?” ಎಂದು ಕೆಣಕಿದೆ.

“ಬಸ್ಸ ತಪ್ಪೈತಿ ಅನ್ನಾವ್ರ ಯಾರೂ ಇಲ್ರಿ. ಇಕೀದ ಗಲ್ಲದ ಮ್ಯಾಲ ಮೈಲಿಬ್ಯಾನಿ ಕಲಿ, ಮುಂದ ಬಂದದ್ದ ಒಂದ ಹಲ್ಲ, ಎಲ್ಲಾ ಕಣ್ಣಾಗ ಐತ್ರಿ. ರಟ್ಟಿನ ಮ್ಯಾಲ ಕೂಡಿಸಿದ್ರ ಮತ್ತ್ಯಾರೋ ಆಗ್ತಾಳ.”

ಎರಡು ಸಾವಿರದ ಇಸವಿ ಬಂತು, ಹೋಯಿತು. ಬಸ್ಸಿಗೆ ರೆಕ್ಕೆ ಮೂಡಲಿಲ್ಲ, ಬಿಳೂರ ದಾರಿಯಲ್ಲಿ ಇಳಿದು ಅದನ್ನು ನೂಕುವುದೂ ತಪ್ಪಲಿಲ್ಲ. ಬಂದದ್ದು ಕಂಪ್ಯೂಟರು. ನಮ್ಮೆದುರಿಗೇ ಮುಜಮ್ಮಿಲನೆಂಬವನು ಡಿಜಿಟಲ್ ಸ್ಟುಡಿಯೊ ತೆರೆದ. ಬೆನ್ನ ಹಿಂದೆ ಹಿಮದ ಗುಡ್ಡ ಬೇಕೆಂದರೆ ಹಿಮದ ಗುಡ್ಡ, ವಿಮಾನ ಬೇಕೆಂದರೆ ವಿಮಾನ. ನಮ್ಮ ಪರದೆಯ ಬೆಳ್ಳಿ ಬಣ್ಣ ಕಪ್ಪಿಡುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗದೆ ಇರಲಿಲ್ಲ.

ಆ ಹೊತ್ತಿಗೆ ಆರಜೂಳ ನಿಕಾ ಸೋಲಾಪುರದ ಮನೆತನಕ್ಕೆ ಗೊತ್ತಾಯಿತು. ಅವಳು ಬೇಡಿದ್ದು ಒಂದೇ.

“ಅಬ್ಬಾ, ಆ ಫೋನಿಗೆ ಎಲ್ಲಾರ ಅವ್ವಂದಿರನ್ನ ಹಚ್ಚೀರಿ. ನನ್ನ ಅಮ್ಮೀನ್ನ ಹಚ್ಚರಿ. ಆ ಫೋಟೊ ನಾ ಒಯ್ತೀನಿ.”

ನೂರಮಹಮ್ಮದ ಬೇರೆ ಕೆಲಸವನ್ನೆಲ್ಲ ಬಿಟ್ಟು ಬರೆಯಲು ಕೂತ. ಬರೆದದ್ದಕ್ಕಿಂತ ಒರೆಸಿದ್ದೇ ಹೆಚ್ಚು. ನಿಕಾ ಹತ್ತಿರ ಬಂದಾಗ ಆರಜೂ ತಡೆಯಲಾರದೆ ತಾನೇ ಮುಜಮ್ಮಿಲನ ಹತ್ತಿರ ಹೋದಳು. ಅವನು ಅವಳದೇ ಫೋಟೊ ಕಂಪ್ಯೂಟರಿಗೆ ಹಾಕಿ, ವಯಸ್ಸು ತುಸು ಏರಿಸಿ, ಮೂಗುಬೊಟ್ಟು ಇಟ್ಟು, ತಲೆಯ ಮೇಲೆ ಸೆರಗು ಹೊದಿಸಿ ಕೊಟ್ಟ. ಪ್ರಿಂಟಿನ ಮಸಿ ಆರುವ ಮೊದಲೇ ಅದನ್ನು ಹಿಡಿದು ಓಡಿ ಬಂದಳು.

“ಅಬ್ಬಾ, ಅಮ್ಮಿ ಹಿಂಗ ಇದ್ಲೇನ್ರಿ?”

ನಾನೂ ಬಗ್ಗಿ ನೋಡಿದೆ. ಸಿಡುಬಿನ ಕಲೆಯಿಲ್ಲದ ನುಣ್ಣನೆಯ ಗಲ್ಲ, ಸಾಲು ಹಿಡಿದ ಹಲ್ಲು. ಮಾಲನಬಿಯನ್ನು ನಾನು ನೋಡಿದವನು, ಇವಳು ಮಾಲನಬಿಯಲ್ಲ. ಹೇಳಲು ಬಾಯಿ ತೆರೆದೆ. ನೂರಮಹಮ್ಮದ ನನ್ನ ಕಡೆ ಒಮ್ಮೆ ನೋಡಿದ.

“ಹೂಂ ಬೇಟಿ,” ಎಂದ. “ಹಿಂಗ ಇದ್ಲು.”

ತಾನೇ ಅದನ್ನು ಗಾಜಿಗೆ ಚುಚ್ಚಿದ. ಆರಜೂ ರಿಸೀವರು ಕಿವಿಗಿಟ್ಟು, ಹುಟ್ಟಿದಾಗಿನಿಂದ ಮೊದಲ ಸಲ ಒಂದು ಮುಖ ನೋಡಿ “ಅಮ್ಮಿ” ಎಂದಳು. ನಾನು ಫೋಟೊ ತೆಗೆದೆ.

ಅವಳು ಗಂಡನ ಮನೆಗೆ ಹೋದ ಮೇಲೆ ನೂರಮಹಮ್ಮದ ಸ್ಟುಡಿಯೊ ಕಡೆ ಸುಳಿಯಲಿಲ್ಲ. ನೋಡಿಬರೋಣವೆಂದು ಅವನ ಮನೆಗೆ ಹೋದೆ. ಅಂಗಳದಲ್ಲಿ ರಟ್ಟು ಮುಂದಿಟ್ಟುಕೊಂಡು ಕೂತಿದ್ದ. ಸೆರಗಿನ ಗೆರೆ ಎಳೆದಿದ್ದ, ಒಳಗೆ ಏನೂ ಇರಲಿಲ್ಲ.

“ಮಗಳು ಖುಷಿಲೆ ಹೋದ್ಳು. ಇನ್ನ ನಿನಗ ಬೇಕಾದಂಗ ಸಾವಕಾಶ ಬರಿ,” ಎಂದೆ. “ಆ ಕಲಿ, ಆ ಹಲ್ಲ ನೆನಪದಾವಲ್ಲ.”

“ಇತ್ತು ಅನ್ನೂದ ನೆನಪೈತ್ರಿ, ಶ್ರೀಶೈಲಪ್ಪಾರ. ಅಕೀ ಮಾರಿ ಕಣ್ಣಮುಂದ ಬರವಲ್ದು,” ಎಂದ. ಕುಂಚವನ್ನು ಡಬ್ಬಿಯಲ್ಲಿ ಅದ್ದಿ ತೊಳೆಯುತ್ತ ಹೇಳಿದ: “ಈಗ ನಾ ನೆನಸಿದ್ರೂ ಮುಜಮ್ಮಿಲ ಮಾಡಿದಾಕಿನ ಬರ್ತಾಳ.”