ಒಂದೇ ಉಸಿರಿಗೆ ಹನ್ನೊಂದು ಫರ್ಸಿ

ಅವರ ಬಲಗೈಯ ಎರಡು ಬೆರಳಿನ ತುದಿ ಸದಾ ಹಳದಿಯಾಗಿರುತ್ತಿತ್ತು. ಹಣೆಗೂ ತೋಳಿಗೂ ಹಚ್ಚಿಕೊಳ್ಳುವ ಗೋಪಿಚಂದನದ ಕಲೆ ಅದು ಎಂದು ಶಹಾಬಾದಿನ ನಮ್ಮ ಓಣಿಯವರೆಲ್ಲ ತಿಳಿದಿದ್ದರು. ಸಿಗರೇಟಿನ ಕಲೆ ಎಂದು ಗೊತ್ತಿದ್ದವರು ಇಬ್ಬರೇ, ಅವರ ಹೆಂಡತಿ ಮತ್ತು ನಾನು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಓಣಿಯ ಹನುಮಪ್ಪನ ಗುಡಿಯ ಪೂಜೆ ಅವರದು. ನಮಗೆಲ್ಲ ಅವರು ಆಚಾರ್ರು.

ನನಗೆ ಮಾತು ಕೊಟ್ಟವರು ಅವರು. ದೊಡ್ಡದಾಗಿ ಹೇಳಬೇಕೆಂದು ಹೇಳುತ್ತಿಲ್ಲ. ಹತ್ತು ವರ್ಷದವನಿದ್ದಾಗ ನನ್ನ ಹೆಸರನ್ನೇ ನೆಟ್ಟಗೆ ಹೇಳಲು ನನಗೆ ಬರುತ್ತಿರಲಿಲ್ಲ. ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಬೀಳುತ್ತಿತ್ತು. ಶಾಲೆಯಲ್ಲಿ ನಗುತ್ತಿದ್ದರು. ಮನೆಯಲ್ಲಿ ಅವ್ವ ನೋಡಲಾರದೆ ನನ್ನ ಮಾತನ್ನು ತಾನೇ ಮುಗಿಸಿಬಿಡುತ್ತಿದ್ದಳು. ಆಚಾರ್ರು ಒಂದು ದಿನ ನನ್ನನ್ನು ಗುಡಿಯ ಅಂಗಳಕ್ಕೆ ಕರೆದರು. ಬಾಗಿಲಿನಿಂದ ಗರ್ಭಗುಡಿಯ ಹೊಸ್ತಿಲವರೆಗೆ ಅಲ್ಲಿ ಹನ್ನೊಂದು ಫರ್ಸಿ ಹಾಸಿದ್ದಾರೆ, ನಮ್ಮೂರಿನದೇ ಚಪ್ಪಡಿ ಕಲ್ಲು.

"ಹೊಟ್ಟಿ ತುಂಬ ಉಸಿರು ತಗೋ. ಮಾತಾಡಿಕೋತ ನಡಿ. ಉಸಿರು ಮುಗದ ಕಲ್ಲಿನ ಮ್ಯಾಲ ನಿಂದ್ರು," ಎಂದರು.

ಮೊದಲ ದಿನ ಎರಡನೆಯ ಫರ್ಸಿಗೆ ನಿಂತೆ. ಮಾತು ಸಿಕ್ಕಿಬಿದ್ದಾಗ ಅವರು ಹೂವಿನ ತಟ್ಟೆ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಒಮ್ಮೆಯೂ ನನ್ನ ಮಾತನ್ನು ಮುಗಿಸಿಕೊಡಲಿಲ್ಲ. "ನಿನ್ನ ಮಾತು ನಿನ್ನ ಬಾಯಾಗಿಂದನ ಬರ್ಲಿ. ನನಗೇನು ರೈಲು ಹಿಡೀಬೇಕಾಗಿಲ್ಲ," ಎನ್ನುತ್ತಿದ್ದರು. ಎರಡು ವರ್ಷಕ್ಕೆ ಒಂದೇ ಉಸಿರಿನಲ್ಲಿ ಹನ್ನೊಂದೂ ಫರ್ಸಿ ದಾಟಿದೆ. ಇಂದು ನನ್ನ ಔಷಧ ಅಂಗಡಿಯಲ್ಲಿ ನಿಂತು ಬಂದವರ ತಲೆ ತಿನ್ನುವಷ್ಟು ಮಾತಾಡುತ್ತೇನೆ.

ಸಿಗರೇಟಿನ ವಿಷಯದಲ್ಲಿ ಅವರಿಗೊಂದು ಕಟ್ಟಳೆಯಿತ್ತು. ಸೇದಿದರೆ ಮಡಿ ಕೆಟ್ಟಿತು. ಮತ್ತೆ ತಣ್ಣೀರು ಸುರಿದುಕೊಂಡು, ಒಣಗಿದ ಮಡಿಪಂಚೆ ಉಟ್ಟ ಮೇಲೆಯೇ ದೇವರನ್ನು ಮುಟ್ಟುವುದು. ಹಿತ್ತಲಲ್ಲಿ ಬಾವಿಯ ಆಚೆ ನಿಂತು ಒಂದು ಮುಗಿಸುವರು, ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಳ್ಳುವರು. ಚಳಿಗಾಲದಲ್ಲಿ ದಿನಕ್ಕೆ ಎರಡು, ಬೇಸಿಗೆಯಲ್ಲಿ ನಾಲ್ಕು. ಅದಕ್ಕಿಂತ ಹೆಚ್ಚು ಸ್ನಾನ ಆ ಬಡಕಲು ಮೈಗೆ ಆಗುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತೇವೆ. ಹಗ್ಗದ ಮೇಲಿನ ಪಂಚೆ ನೋಡಿಯೇ ಕಾಕು ಹೇಳುತ್ತಿದ್ದರು, "ಇವತ್ತು ಮೂರು ಆಗ್ಯಾವ ನೋಡಪಾ."

ಅರವತ್ತು ದಾಟಿದ ಮೇಲೆ ಕೆಮ್ಮು ಹಿಡಿಯಿತು. ಮಂಗಳಾರತಿಯ ನಡುವೆ ಕೆಮ್ಮು ಬಂದು ಅವರ ಕೈಯಲ್ಲಿ ಆರತಿ ತಟ್ಟೆ ಅಲುಗಿದ್ದನ್ನು ಒಂದು ಶನಿವಾರ ನೋಡಿದೆ. ಸಿಗರೇಟು ಬಿಡಿಸಲೇಬೇಕು ಎಂದುಕೊಂಡೆ. ಆಗಿನ್ನೂ ವೇಪ್ ಎಂಬ ಬ್ಯಾಟರಿ ಸಿಗರೇಟಿನ ಮೇಲೆ ಸರ್ಕಾರದ ನಿಷೇಧ ಬಂದಿರಲಿಲ್ಲ. ಮಾಲು ತರಲು ಹೈದರಾಬಾದಿಗೆ ಹೋದಾಗ ಅಂಗಡಿಯವನೊಬ್ಬ ಪೆನ್ನಿನಂಥದೊಂದನ್ನು ನನ್ನ ಕೈಗಿಟ್ಟು, ಸಿಗರೇಟು ಬಿಡಿಸಲು ಇದಕ್ಕಿಂತ ಒಳ್ಳೆಯದಿಲ್ಲ ಎಂದ. ನಂಬಿದೆ. ನಂಬುವುದು ನನಗೆ ಬೇಕಾಗಿತ್ತು.

ಆಚಾರ್ರು ಅದನ್ನು ತಿರುವಿ ಮುರುವಿ ನೋಡಿದರು. "ಬೆಂಕಿ ಎಲ್ಲದ?"

"ಬೆಂಕಿ ಇಲ್ರಿ, ಬ್ಯಾಟರಿ ಅದ. ಹೊಗಿ ಅಲ್ಲ, ಆವಿ ಬರ್ತದ."

"ಬೂದಿ?"

"ಅದೂ ಇಲ್ರಿ."

ಬಾವಿಯತ್ತ ನೋಡಿದರು. "ಹಂಗಾರ ಸ್ನಾನ ಬೇಕಾಗಂಗಿಲ್ಲ ಅನ್ನು."

"ಯಾಕ ಬೇಕ್ರಿ? ಅನ್ನದ ಭಾಂಡ್ಯಾಗಿಂದ ಬರ್ತದಲ್ರಿ, ಅಂಥಾ ಆವಿ," ಎಂದೆ.

ಅದು ಸುಳ್ಳು. ಆ ಆವಿಯಲ್ಲಿ ನಿಕೋಟಿನ್ ಇದೆ ಎಂದು ಡಬ್ಬಿಯ ಮೇಲೇ ಬರೆದಿತ್ತು, ನಾನು ಓದಿಯೂ ಇದ್ದೆ. ಮಡಿಯ ಗಂಧಗಾಳಿಯೂ ನನಗೆ ಗೊತ್ತಿರಲಿಲ್ಲ. ಆದರೂ ತೀರ್ಪು ಕೊಟ್ಟವನು ನಾನು. ಔಷಧ ಕೊಡುವವನ ಮಾತೆಂದು ಅವರು ಒಪ್ಪಿಕೊಂಡರು.

ಮೊದಲ ಎರಡು ತಿಂಗಳು ನಾನು ಎದೆಯುಬ್ಬಿಸಿ ತಿರುಗಿದೆ. ಸಿಗರೇಟು ನಿಂತಿತ್ತು, ಕೆಮ್ಮು ಇಳಿದಿತ್ತು, ಬೆರಳಿನ ಹಳದಿ ಮಾಸುತ್ತಿತ್ತು. ಹಗ್ಗದ ಮೇಲೆ ದಿನಕ್ಕೆ ಒಂದೇ ಪಂಚೆ. ಆ ಒಂದು ಪಂಚೆ ಏನು ಹೇಳುತ್ತಿದೆ ಎಂದು ನನ್ನ ತಲೆಗೆ ಹೋಗಲಿಲ್ಲ. ಸಿಗರೇಟು ಸುಟ್ಟು ಮುಗಿಯುತ್ತಿತ್ತು, ಅದರ ಬೆನ್ನಿಗೇ ತಣ್ಣೀರು ಕಾದಿರುತ್ತಿತ್ತು. ಇದಕ್ಕೆ ಎರಡೂ ಇರಲಿಲ್ಲ. ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ದಿನವಿಡೀ ಎಳೆದರು. ಹೂ ಕಟ್ಟುವಾಗ, ಗಂಧ ತೇಯುವಾಗ, ಕೊನೆಗೆ ದೇವರ ಎದುರು ಕೂತಾಗಲೂ ಅದು ಬೇಕಾಯಿತು. ಗರ್ಭಗುಡಿಯಲ್ಲಿ ಆ ಆವಿಯ ಮಾವಿನ ಹಣ್ಣಿನ ವಾಸನೆ. ಈ ಚಳಿಯಲ್ಲಿ ಮಾವು ಎಲ್ಲಿಂದ ಬಂತು ಎಂದು ಹೂ ತಂದ ಮುದುಕಿಯೊಬ್ಬಳು ಕೇಳಿದಾಗ ನಾನು ನಕ್ಕಿದ್ದೆ. ಆ ನಗು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲೆ ನಿಷೇಧ ಬಂತು. ಅದು ಖಾಲಿಯಾದಾಗ ಹೊಸದನ್ನು ಔಷಧದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಎರಡು ಸಲ ತಂದುಕೊಟ್ಟೆ. ಮೂರನೆಯ ಸಲ ಅಂಗಡಿಯ ಲೈಸೆನ್ಸ್ ಹೋದೀತೆಂದು ಹೆದರಿ ಕೈ ಎತ್ತಿಬಿಟ್ಟೆ. ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯಬಹುದಿತ್ತು. ಅದನ್ನೂ ಮಾಡದೆ, ಗುಡಿಯ ಮುಂದಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗತೊಡಗಿದೆ. ಅವರು ಪಕ್ಕದ ವಾಡಿ ಊರಿನ ಕಡೆ ಯಾರಿಂದಲೋ ಹೆಸರಿಲ್ಲದ ಸರಕು ತರಿಸಿಕೊಂಡರಂತೆ. ಅದು ಸಿಗದ ದಿನ ಸಿಗರೇಟು. ಸ್ನಾನದ ಕಟ್ಟಳೆ ಒಮ್ಮೆ ಸಡಿಲಾದದ್ದು ಮತ್ತೆ ಬಿಗಿಯಾಗಲಿಲ್ಲ. ಬರಬರುತ್ತ ಆವಿಯೂ ಸಿಗರೇಟೂ ಕೂಡಿಯೇ ನಡೆದವು.

ಒಂದು ಮಧ್ಯಾಹ್ನ ಕಾಕು ಅಂಗಡಿಗೆ ಬಂದು ಕೂತರು. ಬೈಯಲಿಲ್ಲ. "ಮೊದಲ ನೀರಿಗಾದ್ರೂ ಹೆದರ್ತಿದ್ರು. ಈಗ ಯಾತಕ್ಕೂ ಹೆದರವಲ್ರು," ಎಂದಷ್ಟೇ ಹೇಳಿದರು.

ಆಗ ಕಲಬುರಗಿಗೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಇದು ನನ್ನಿಂದ ಆಯಿತೇ ಎಂದು ಕೇಳಿದೆ. "ವರ್ಷಾನುಗಟ್ಲೆ ಸೇದಿದ ಸಿಗರೇಟು ಶ್ವಾಸಕೋಶ ಮೊದಲ ತಿಂದಿತ್ರಿ. ಇದು ಎಷ್ಟು ತಿಂತು ಅಂತ ಹೇಳಾಕ ಬರಂಗಿಲ್ಲ," ಎಂದರು. ತಪ್ಪು ನಿನ್ನದು ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ನಿನ್ನದಲ್ಲ ಎಂದಿದ್ದರೂ ನಿದ್ದೆ ಬರುತ್ತಿತ್ತು.

ಊರಿಗೆ ಬಂದ ಮರುದಿನ ಹನುಮಪ್ಪನನ್ನು ನೋಡಬೇಕೆಂದರು. ತೋಳು ಹಿಡಿದು ನಡೆಸಿದೆ. ಮೂರನೆಯ ಫರ್ಸಿಯ ಮೇಲೆ ನಿಂತರು. ಬಾಯಿ ತೆರೆದಿತ್ತು, ಎದೆ ಏಳುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕಾಲ ಕೆಳಗಿನ ಕಲ್ಲನ್ನು ನೋಡಿ, ನನ್ನನ್ನು ನೋಡಿದರು. ಎಷ್ಟನೆಯದೆಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿಂದಲೇ ಕೈಮುಗಿದರು. ಗುಡಿಗೆ ಅವರು ಮತ್ತೆ ಬರಲಿಲ್ಲ.

ಕೊನೆಯ ವಾರ ಅವರ ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್ ಇತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗಿ ಕೂರುತ್ತಿದ್ದೆ. ಒಂದು ದಿನ ಅವರು ಮೂಗಿನ ನಳಿಕೆಯನ್ನು ಪಕ್ಕಕ್ಕೆ ಸರಿಸಿದರು.

"ನೀ," ಎಂದರು. ಬಹಳ ಹೊತ್ತಿನ ಮೇಲೆ, "ಕೊಟ್ಟದ್ದು."

ಮುಂದಿನ ಮಾತಿಗೆ ಉಸಿರು ಬರಲಿಲ್ಲ. ತುಟಿ ಅಲುಗಿತು. ಕಾಕು ಬಗ್ಗಿ, "ನೀರು ಬೇಕೇನ್ರಿ?" ಎಂದರು. ಅಲ್ಲವೆಂದು ಕೈಯಾಡಿಸಿದರು. ನಾನು ಸುಮ್ಮನೆ ಕಾದೆ. ಕಾಯುವುದನ್ನು ಅವರಿಂದಲೇ ಕಲಿತಿದ್ದೆ. ಕಣ್ಣು ನನ್ನ ಮೇಲೇ ಇತ್ತು, ಆಮೇಲೆ ಮುಚ್ಚಿತು. ಎರಡು ದಿನಕ್ಕೆ ಹೋಗಿಬಿಟ್ಟರು.

ನೀ ಕೊಟ್ಟದ್ದು ಒಳ್ಳೆಯದಕ್ಕೇ ಎಂದು ಅವರು ಹೇಳುವವರಿದ್ದರು ಎಂದು ಕಾಕು ಈಗಲೂ ನನ್ನನ್ನು ಸಮಾಧಾನ ಮಾಡುತ್ತಾರೆ. ಇರಬಹುದು. ನನ್ನ ಮಾತನ್ನು ಅವರು ಒಮ್ಮೆಯೂ ಮುಗಿಸಿಕೊಡಲಿಲ್ಲ. ಅವರ ಮಾತನ್ನು ನಾನು ಹೇಗೆ ಮುಗಿಸಲಿ?