ಬನ್ನಿ ಹತ್ತಿ ಎಂದವರಿಗೆ ಬೇಡವೆನ್ನಲಾರದವನ ಓಟ

ಬೆಳಗಿನ ಆರು ಗಂಟೆಗೆ, ಹಾರನಹಳ್ಳಿಯಿಂದ ಅರಸೀಕೆರೆಗೆ ಹೋಗುವ ರಸ್ತೆಯಲ್ಲಿ, ನಲವತ್ತೇಳು ವರ್ಷದ ಮೇಷ್ಟ್ರೊಬ್ಬ ಏದುಸಿರು ಬಿಡುತ್ತ ಓಡುವುದನ್ನು ಕಂಡರೆ ನೀವು ಏನು ಮಾಡುತ್ತೀರಿ? ಯೋಚಿಸಿ ಉತ್ತರಿಸಿ. ಗಾಡಿ ನಿಲ್ಲಿಸಿ, "ಬನ್ನಿ, ಹತ್ತಿ" ಎನ್ನುತ್ತೀರಿ ತಾನೇ? ನೀವು ಒಳ್ಳೆಯವರು. ನನ್ನ ಓಟವನ್ನು ಹಾಳುಮಾಡಿದವರೂ ನಿಮ್ಮಂಥ ಒಳ್ಳೆಯವರೇ.

ನಾನು ಓಟಗಾರನಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು. ಯಾವುದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಸಮಾನ ನಿಷ್ಠೆಯಿಂದ ಮಾತನಾಡಬಲ್ಲವನಾಗಿದ್ದೆ. ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರಾದ ಮೇಲೆ ಆ ವಿದ್ಯೆಯನ್ನು ಸಮಾಜದ ಸುಧಾರಣೆಗೆ ತಿರುಗಿಸಿದೆ. ವರದಕ್ಷಿಣೆ, ಪ್ಲಾಸ್ಟಿಕ್ಕು, ಕೆರೆಯ ಒತ್ತುವರಿ ಇವುಗಳನ್ನು ಕುರಿತು ನಾನು ಭಾಷಣ ಮಾಡದ ಸಭಾಂಗಣ ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಇವುಗಳಲ್ಲಿ ಯಾವುದೂ ಕಡಿಮೆಯಾಗಿಲ್ಲವೆಂಬುದನ್ನು ನನ್ನ ಹೆಂಡತಿ ಆಗಾಗ ನೆನಪಿಸುತ್ತಾಳೆ.

ಅವಳು ಹಾರನಹಳ್ಳಿಯ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಭಾಷಣ ಮಾಡುವವಳಲ್ಲ. ನಮ್ಮ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಕಾಲಿನ ಬಲವಿಲ್ಲದೆ ಮನೆಯಲ್ಲೇ ಉಳಿದಿರುವ ಐದು ಮಕ್ಕಳನ್ನು ಹುಡುಕಿ ತೆಗೆದವಳು ಅವಳೇ. ಅವರಲ್ಲಿ ಒಬ್ಬಳು ನಮ್ಮ ಬೀದಿಯ ತುದಿಯ ಮನೆಯ ಹತ್ತು ವರ್ಷದ ಹುಡುಗಿ. ಇಂಥ ಮಕ್ಕಳಿಗೆ ಕಲಿಸುವ ಶಾಲೆ ಅರಸೀಕೆರೆಯಲ್ಲಿದೆ. ಅವಳ ತಾಯಿ ಎರಡು ವರ್ಷ ಮಗಳನ್ನು ಸೊಂಟದ ಮೇಲೆ ಹೊತ್ತು, ಬಸ್ಸು ಹತ್ತಿಸಿ ಅಲ್ಲಿಗೆ ಕರೆದೊಯ್ದಳು. ಮಗಳು ಬೆಳೆದಳು, ತಾಯಿಯ ಸೊಂಟ ಸೋತಿತು, ಶಾಲೆ ನಿಂತಿತು. ಈಗ ಆ ಹುಡುಗಿ ಬೆಳಗಿನಿಂದ ಜಗಲಿಯ ಮೇಲೆ ಕುಳಿತು, ರಸ್ತೆಯಲ್ಲಿ ಯಾರು ಯಾವ ಗಾಡಿಯಲ್ಲಿ ಹೋದರೆಂಬುದನ್ನು ಒಬ್ಬರನ್ನೂ ಬಿಡದೆ ಗಮನಿಸುತ್ತಿರುತ್ತಾಳೆ.

ಬೇಲೂರಿನ ಕೆಲವು ಯುವಕರು ವರ್ಷಕ್ಕೊಮ್ಮೆ ಯಾವುದಾದರೂ ಒಳ್ಳೆಯ ಕೆಲಸಕ್ಕೆಂದು ಬೇಲೂರಿನಿಂದ ಹಳೇಬೀಡಿಗೆ ಓಟ ಏರ್ಪಡಿಸುತ್ತಾರೆ. ದೂರ ಹದಿನಾರು ಕಿಲೋಮೀಟರು. ನಾವು ಕೇಳಿಕೊಂಡಾಗ, ಈ ಬಾರಿಯ ದೇಣಿಗೆಯನ್ನು ಈ ಐವರು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗಾಡಿಯ ಚಾಲಕನಿಗೂ ಡೀಸೆಲ್ಲಿಗೂ ಕೊಡಲು ಒಪ್ಪಿದರು. ಕೊರತೆಯಿದ್ದುದು ಒಂದೇ: ಗಾಡಿ.

ಗಾಡಿಗಾಗಿ ಅರಸೀಕೆರೆಯಲ್ಲಿ ಸಭೆ ಕರೆದೆವು. ನಾನು ನಲವತ್ತು ನಿಮಿಷ ಮಾತನಾಡಿದೆ. ಸಮಾನತೆ, ಸಂವಿಧಾನ, ಮಾನವನ ಘನತೆ ಯಾವುದನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಕಣ್ಣು ಮುಚ್ಚಿ ಕುಳಿತಿದ್ದರು, ಭಾವಪರವಶರಾಗಿದ್ದಾರೆಂದು ಭಾವಿಸಿದ್ದೆ. ನಾನು ಮುಗಿಸಿದೊಡನೆ ಅವರು ಎದ್ದು ನಿಂತರು.

"ಮೇಷ್ಟ್ರೇ, ನಿಮ್ ಮಾತು ಹದಿನಾರು ಕಿಲೋಮೀಟ್ರು ಓಡ್ತು. ನೀವು ಓಡ್ತೀರಾ?"

ಸಭೆ ನಕ್ಕಿತು. ಯಜಮಾನರು ನಗಲಿಲ್ಲ.

"ನಮ್ ಮಂಡೀಲಿ ಒಂದು ಟೆಂಪೋ ಸುಮ್ನೆ ನಿಂತೈತೆ. ಬೇಲೂರಿಂದ ಹಳೇಬೀಡಿಗಂಟ ನಿಮ್ ಕಾಲ್ ಮೇಲೇ ಬನ್ನಿ. ಸೀಟ್ ಹಾಕ್ಸಿ, ಮೆಟ್ಲು ತಗ್ಗಿಸಿ ಮಕ್ಕಳಿಗೆ ಕೊಡ್ತೀನಿ. ಮಧ್ಯೆ ಯಾವ್ದಾರಾ ಗಾಡಿ ಹತ್ತುದ್ರೆ, ಟೆಂಪೋ ನಮ್ ಮಂಡೀಲೇ ಇರ್ತದೆ."

ಚರ್ಚಾಪಟುವಿನ ದೌರ್ಬಲ್ಯವೆಂದರೆ ಅವನು ಸವಾಲಿಗೆ ಉತ್ತರ ಕೊಡದೆ ಇರಲಾರ. "ಓಡುತ್ತೇನೆ" ಎಂದೆ. ಮನೆಗೆ ಬಂದು ಹೇಳಿದಾಗ ಹೆಂಡತಿ ಮೊದಲು ನನ್ನ ಕಾಲುಗಳನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು. "ಆ ಮಕ್ಕಳ ಹಣೆಬರ ನಿಮ್ ಮಂಡಿಚಿಪ್ಪಿನ ಮೇಲೆ ನಿಂತಂಗಾಯ್ತಲ್ರೀ!" ಎಂದಳು.

ಮೂರು ತಿಂಗಳ ಅವಧಿಯಿತ್ತು. ಹೊಸ ಬೂಟು ಕೊಂಡೆ. ಮೊದಲ ದಿನ ಊರು ದಾಟಿ ಸ್ವಲ್ಪ ದೂರ ಓಡುವಷ್ಟರಲ್ಲಿ ಹಿಂದಿನಿಂದ ಹಾಲಿನ ಕ್ಯಾನುಗಳ ಸದ್ದು ಕೇಳಿತು. ಡೇರಿಗೆ ಹಾಲು ಸಾಗಿಸುವ ನಮ್ಮ ಊರಿನವನೇ ಬೈಕು ನಿಲ್ಲಿಸಿದ.

"ಯಾರ್ಗೆ ಏನಾಯ್ತು ಮೇಷ್ಟ್ರೇ?"

"ಯಾರಿಗೂ ಏನೂ ಆಗಿಲ್ಲಪ್ಪ. ಓಡೋದು ಅಭ್ಯಾಸ ಮಾಡ್ತಿದೀನಿ."

ಅವನು ಗಂಭೀರವಾಗಿ ಯೋಚಿಸಿದ. "ಅದ್ನ ಅರಸೀಕೆರೇಲಿ ಮಾಡೀರಂತೆ. ಅಲ್ಲಿಗಂಟ ಬುಡ್ತೀನಿ, ಹತ್ತಿ."

ಹತ್ತಿದೆ. ಎರಡು ಕ್ಯಾನುಗಳ ನಡುವೆ ಕುಳಿತು ನನ್ನ ಮೊದಲ ದಿನದ ತರಬೇತಿಯನ್ನು ಪೂರೈಸಿದೆ.

ಎರಡನೆಯ ದಿನ ಎದುರಾದದ್ದು ಬಸ್ಸು. ನಾನು ಓಡುತ್ತಿದ್ದುದು ಬಸ್ಸಿಗಾಗಿಯೇ ಎಂದು ಇಡೀ ಬಸ್ಸು ನಂಬಿತು. ಕಿಟಕಿಯಿಂದ ಅಜ್ಜಿಯೊಬ್ಬರು, "ನಿಲ್ಸಪ್ಪೋ, ಮೇಷ್ಟ್ರು ಓಡ್ ಬತ್ತಾವ್ರೆ, ಪಾಪ!" ಎಂದು ಕೂಗಿದರು. ಬಸ್ಸು ಮುಂದೆ ಹೋಗಿ ನಿಂತಿತು. ಅದು ಹೊರಟುಹೋಗಲಿ ಎಂದು ನಾನು ಉಪಾಯವಾಗಿ ನಿಧಾನಿಸಿದೆ. ಪಾಪ, ಸುಸ್ತಾಗಿದ್ದಾರೆಂದು ಚಾಲಕ ಬಸ್ಸನ್ನು ಹಿಂದಕ್ಕೆ ತಂದ! ನಲವತ್ತು ಜನರ ಕರುಣೆ ಹಿಮ್ಮುಖವಾಗಿ ನನ್ನತ್ತ ಬರುತ್ತಿರುವಾಗ ಮಾನವಂತನಾದವನು ಏನು ಮಾಡಬೇಕು? ಆ ದಿನವೂ ಹತ್ತಿದೆ.

ಮೂರನೆಯ ವಾರಕ್ಕೆ ನಾನು ವಾದವೊಂದನ್ನು ಸಿದ್ಧಪಡಿಸಿಕೊಂಡೆ. ಓಟದ ಉದ್ದೇಶ, ಮಕ್ಕಳ ಹಕ್ಕು, ಯಜಮಾನರ ಷರತ್ತು ಎಂದು ಮೂರು ಅಂಶಗಳಿದ್ದವು. ಟ್ರ್ಯಾಕ್ಟರು ನಿಲ್ಲಿಸಿದವನೊಬ್ಬನ ಮೇಲೆ ಅದನ್ನು ಪ್ರಯೋಗಿಸಿದೆ. ಅವನು ಎಂಜಿನ್ನಿನ ಸದ್ದಿನ ನಡುವೆ ತಲೆಯಾಡಿಸುತ್ತ ಮೊದಲ ಅಂಶವನ್ನು ಪೂರ್ತಿ ಕೇಳಿದ. "ಒಳ್ಳೇ ಮಾತು ಮೇಷ್ಟ್ರೇ. ಮಿಕ್ಕಿದ್ದ ದಾರೀಲಿ ಹೇಳೀರಂತೆ, ಹತ್ತಿ."

ಪ್ರತಿದಿನ ಸಂಜೆ ಶಾಲೆಯಿಂದ ಹಿಂದಿರುಗುವಾಗ ಜಗಲಿಯ ನ್ಯಾಯಾಧೀಶೆಯ ವಿಚಾರಣೆ ಇರುತ್ತಿತ್ತು.

"ಮೇಷ್ಟ್ರೇ, ಇವತ್ತು ಎಲ್ಲಿಗಂಟ ಓಡುದ್ರಿ?"

"ಸುಮಾರು ದೂರ ಓಡಿದೆ ಕಣಮ್ಮ."

"ಸುಳ್ಳು! ಟ್ರ್ಯಾಕ್ಟ್ರಲ್ಲಿ ಹೋದ್ರಂತೆ. ಹಾಲಿನಣ್ಣ ಹೇಳುದ್ರು." ಅವಳು ನಗುತ್ತಿದ್ದಳು. ಸ್ವಲ್ಪ ತಡೆದು, "ನಾಳೆ ಹತ್ತಬ್ಯಾಡಿ, ಆಯ್ತಾ?" ಎಂದಳು. ಆಗ ನಗುತ್ತಿರಲಿಲ್ಲ.

ಇಷ್ಟು ಸರಳವಾದ "ಬೇಡ" ಎಂಬ ಮಾತು ನನ್ನ ಬಾಯಿಂದ ಏಕೆ ಹೊರಡುವುದಿಲ್ಲವೆಂದು ಓದುಗರು ಕೇಳಬಹುದು. ಅದಕ್ಕೆ ನನ್ನ ಮನೆತನದ ಕಾರಣವೊಂದಿದೆ. ನಮ್ಮ ತಾತ ಸಂತೆಗೆ ನಡೆದೇ ಹೋಗಿ ನಡೆದೇ ಬಂದವರು. ಪಕ್ಕದಲ್ಲಿ ಖಾಲಿ ಎತ್ತಿನ ಗಾಡಿಗಳು ಸಾಗುತ್ತಿದ್ದವು. ನಮ್ಮ ಕೇರಿಯವರನ್ನು ಯಾರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಪ್ರಾಯದವರಾಗಿದ್ದಾಗ ಒಮ್ಮೆ ಮೇಲಿನ ಬೀದಿಯವರೊಬ್ಬರು ಸೈಕಲ್ಲು ನಿಲ್ಲಿಸಿ, ಹಿಂದೆ ಕೂರು ಎಂದರಂತೆ. ಆ ದಿನ ಅಪ್ಪ ಮನೆಯಲ್ಲಿ ಆ ಸಂಗತಿಯನ್ನು ಮೂರು ಸಲ ಹೇಳಿದರಂತೆ. ನನಗೆ ಅವರು ಬುದ್ಧಿ ಹೇಳಿದ್ದು ಕಡಿಮೆ, ಹೇಳಿದ್ದರಲ್ಲಿ ಇದೊಂದು: "ಹತ್ತು ಅಂದೋರ್ಗೆ ಬ್ಯಾಡ ಅನ್ಬ್ಯಾಡ ಕಣ್ಲಾ. ಆ ಮಾತು ನಮ್ಗಂಟ ಬರಾಕೆ ಬಾಳ ದಿನ ಆಗೈತೆ."

ಹೀಗಿರುವಾಗ ಹಾಲಿನ ಬೈಕಿನವನಿಗೆ ನಾನು ಏನೆಂದು ಬೇಡವೆನ್ನಲಿ?

ದಾರಿ ತೋರಿಸಿದವಳು ಹೆಂಡತಿ. "ರಸ್ತೇಲಿ ಓಡಿದ್ರೆ ಗಾಡಿ ಬರದೆ ಇನ್ನೇನು ಬರುತ್ತೆ? ಕೆರೆ ಏರಿ ಮೇಲೆ ಓಡಿ. ಅಲ್ಲಿ ಎಮ್ಮೆ ಬಿಟ್ರೆ ಯಾರೂ ಬರಲ್ಲ. ಎಮ್ಮೆ ಕರುದ್ರೂ ನೀವು ಹತ್ತಲ್ಲ ಅನ್ಕೊಂಡಿದೀನಿ."

ಏರಿಯ ಮೇಲೆ ನನ್ನ ಓಟ ಸುಧಾರಿಸಿತು. ಮೊದಲು ಒಂದು ಸುತ್ತಿಗೇ ಕುಸಿಯುತ್ತಿದ್ದವನು ಕ್ರಮೇಣ ಹತ್ತು ಸುತ್ತು ಹೋಗಿಬರುವಷ್ಟಾದೆ. ಎಮ್ಮೆಗಳು ನನ್ನನ್ನು ಕಂಡರೆ ಮೊದಲಿನಂತೆ ಬೆದರಲಿಲ್ಲ. ಕಾಲು ಗಟ್ಟಿಯಾಯಿತು, ಉಸಿರು ಪಳಗಿತು. ಪಳಗದೆ ಉಳಿದದ್ದು ನಾಲಿಗೆಯೊಂದೇ. ಎದುರಿಗೆ ನಿಂತ ಗಾಡಿಗೆ ಬೇಡವೆನ್ನುವುದನ್ನು ನಾನು ಅಭ್ಯಾಸ ಮಾಡಲೇ ಇಲ್ಲ. ಆ ತಪ್ಪು ಓಟದ ದಿನ ನನ್ನನ್ನು ಹುಡುಕಿಕೊಂಡು ಬಂತು.

ಓಟ ಒಂದು ಭಾನುವಾರ ಬೆಳಗ್ಗೆ ಬೇಲೂರಿನಲ್ಲಿ ಆರಂಭವಾಯಿತು. ಯುವಕರು ಕ್ಷಣದಲ್ಲಿ ಮರೆಯಾದರು, ಮಧ್ಯವಯಸ್ಕರು ಅರ್ಧಗಂಟೆಯಲ್ಲಿ. ಆಮೇಲೆ ರಸ್ತೆಯಲ್ಲಿ ಉಳಿದವರು ನಾನು ಮತ್ತು ಎರಡೂ ಬದಿಯ ಮುಸುಕಿನ ಜೋಳದ ಹೊಲಗಳು. ಹನ್ನೊಂದನೆಯ ಕಿಲೋಮೀಟರು ದಾಟುವಾಗ ಬಿಸಿಲೇರಿತ್ತು, ಕಣ್ಣಿಗೆ ಬೆವರಿಳಿಯುತ್ತಿತ್ತು, ತಲೆಯಲ್ಲಿ ಯಾವ ವಿಚಾರವೂ ಇರಲಿಲ್ಲ. ಪಕ್ಕದಲ್ಲಿ ಮೊಪೆಡ್ಡೊಂದು ಬಂದು ನಿಂತಿತು. ಅದರ ಮುಂಭಾಗದಲ್ಲಿ ಹಸಿ ಹುಲ್ಲಿನ ಹೊರೆ, ಹಿಂದೆ ಎಪ್ಪತ್ತು ದಾಟಿದ ರೈತ.

"ಬಿಸ್ಲು ಕಣಪ್ಪ. ಬಾ, ಹತ್ಕೋ."

ನಾನು ನಿರ್ಧರಿಸಲಿಲ್ಲ. ನನ್ನ ಕಾಲು ನಿರ್ಧರಿಸಿತು. ಅಪ್ಪನಿಂದ ಬಂದ ವಿನಯ, ಮೂರು ವಾರಗಳ ರೂಢಿ ಎಲ್ಲವೂ ಸೇರಿ ಅದನ್ನು ಎತ್ತಿ ಸೀಟಿನ ಆಚೆಗೆ ಹಾಕಿದವು. ಕುಳಿತೆ. ಗಾಳಿ ತಂಪಾಗಿತ್ತು. ಹುಲ್ಲಿನ ವಾಸನೆ ಹಿತವಾಗಿತ್ತು. ಎರಡು ತಿರುವು ದಾಟಿದೆವು.

"ಎಲ್ಲಿಗ್ ಹೋಗ್ಬೇಕು?"

"ಹಳೇಬೀಡಿಗೆ ಯಜಮಾನ್ರೇ. ಓಡೋ ಸ್ಪರ್ಧೆ ಐತೆ..."

ಆ ಮಾತು ನನ್ನ ಕಿವಿಗೆ ಬಿದ್ದಾಗ ನನಗೆ ಎಚ್ಚರವಾಯಿತು. "ನಿಲ್ಲಿಸಿ! ನಿಲ್ಲಿಸಿ!" ಎಂದು ಚೀರಿದೆ.

ಮುದುಕರು ಗಾಬರಿಯಿಂದ ನಿಲ್ಲಿಸಿದರು. ಮೂರು ಅಂಶಗಳ ವಾದ ನೆನಪಿಗೆ ಬರಲಿಲ್ಲ. ಬಂದದ್ದು ಒಂದೇ ವಾಕ್ಯ: "ನಾನು ಗಾಡಿ ಹತ್ತದೆ ಓಡಿದ್ರೆ ನಮ್ಮೂರ ಒಂದು ಮಗು ಶಾಲೆಗೆ ಹೋಗುತ್ತೆ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹಂಗಾರೆ ಯಾಕ್ ಹತ್ತುದೆ? ಇಳಿ ಮತ್ತೆ."

ಇಳಿದೆ. ಮೊಪೆಡ್ಡು ಹೋಯಿತು. ನಿರ್ಜನ ರಸ್ತೆಯಲ್ಲಿ ನನ್ನೊಳಗಿನ ಹಳೆಯ ಚರ್ಚಾಪಟು ಎದ್ದುನಿಂತ. ಯಾರೂ ನೋಡಿಲ್ಲ ಎಂದ. ಎರಡು ತಿರುವುಗಳೇನು ಮಹಾ ಎಂದ. ಹಿಂದಿರುಗಿದರೆ ಹಳೇಬೀಡಿನಲ್ಲಿ ಯಾರೂ ಉಳಿದಿರುವುದಿಲ್ಲ, ಅದರಿಂದ ಮಕ್ಕಳಿಗೇ ನಷ್ಟ ಎಂದು ಕರುಣೆಯ ದನಿಯಲ್ಲಿ ಹೇಳಿದ. ವಾದ ಅಚ್ಚುಕಟ್ಟಾಗಿತ್ತು, ತೀರ್ಪುಗಾರನಾಗಿದ್ದರೆ ಬಹುಮಾನ ಕೊಡುತ್ತಿದ್ದೆ. ಆದರೆ ಸಂಜೆ ಜಗಲಿಯ ಮುಂದೆ ಹಾದುಹೋಗಬೇಕಾಗಿತ್ತು. "ಇವತ್ತು ಎಲ್ಲಿಗಂಟ ಓಡುದ್ರಿ?" ಎಂದು ಅವಳು ಕೇಳುತ್ತಾಳೆ. ಹಿಂದಕ್ಕೆ ತಿರುಗಿದೆ. ಮೊಪೆಡ್ಡು ಹತ್ತಿದ ಜಾಗದವರೆಗೂ ಓಡಿ, ಅಲ್ಲಿನ ಮೈಲಿಗಲ್ಲನ್ನು ಕೈಯಿಂದ ಮುಟ್ಟಿ, ಮತ್ತೆ ಹಳೇಬೀಡಿನ ಕಡೆಗೆ ಹೊರಟೆ.

ಹಳೇಬೀಡು ತಲುಪುವಷ್ಟರಲ್ಲಿ ನನ್ನ ಕಾಲುಗಳು ಆ ಊರಿಗೆ ತಕ್ಕಂತೆ ಕಲ್ಲಾಗಿದ್ದವು. ಶಾಮಿಯಾನ ಬಿಚ್ಚುತ್ತಿದ್ದರು. ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಯಾಗಿತ್ತು. ಉಳಿದಿದ್ದ ಒಂದೇ ಕುರ್ಚಿಯಲ್ಲಿ ಮಂಡಿ ಯಜಮಾನರು ಕುಳಿತಿದ್ದರು. ಅದನ್ನು ಬಿಟ್ಟುಕೊಡಿ ಎಂದು ಶಾಮಿಯಾನದವನು ಎರಡು ಸಲ ಕೇಳಿದ್ದನಂತೆ. ನನ್ನ ಹೆಂಡತಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ನಾನು ನೀರನ್ನೂ ಕುಡಿಯದೆ ಶುರುಮಾಡಿದೆ. "ಯಜಮಾನರೇ, ಸತ್ಯವನ್ನು ಮುಚ್ಚಿಡುವುದು ನನ್ನ ತತ್ವಕ್ಕೆ ವಿರುದ್ಧ. ಹನ್ನೊಂದನೆಯ ಕಿಲೋಮೀಟರಿನ ನಂತರ..."

"ಗೊತ್ತು, ಕೂತ್ಕಳಿ," ಎಂದು ಅವರು ಎದ್ದು ಕುರ್ಚಿಯನ್ನು ನನ್ನತ್ತ ತಳ್ಳಿದರು. "ಹುಲ್ಲಿನ ಹೊರೆ ಇಟ್ಕೊಂಡು ಒಬ್ರು ಯಜಮಾನ್ರು ಬಂದಿದ್ರು. 'ನಿಮ್ ಕಡೆಯೋನು ಒಬ್ಬ ಗಾಡಿ ಇಳ್ದು ಬೇಲೂರ್ ಕಡೀಗೇ ಓಡ್ತಾವ್ನೆ, ತಲೆಗಿಲೆ ಕೆಟ್ಟೈತಾ ನೋಡ್ರಪ್ಪ' ಅಂದ್ರು."

"ಷರತ್ತು ಮುರಿದಿದ್ದೇನೆ," ಎಂದೆ.

"ಮುರುದ್ರಿ. ಮುರುದ್ ಜಾಗಕ್ಕೇ ಹೋಗಿ ಹೊಲ್ಕೊಂಡೂ ಬಂದ್ರಲ್ಲ. ನಾನ್ ಹದಿನಾರು ಕೇಳಿದ್ದೆ, ನೀವು ಜಾಸ್ತೀನೇ ಓಡಿದೀರಿ." ಜೇಬಿನಿಂದ ಟೆಂಪೋದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇನ್ನೊಂದ್ ಷರತ್ತು ಐತೆ. ಗಾಡಿ ಕೊಡೋ ದಿನ ನೀವು ಭಾಷಣ ಮಾಡಂಗಿಲ್ಲ."

"ಅದು ಹದಿನಾರು ಕಿಲೋಮೀಟ್ರಿಗಿಂತ ಕಷ್ಟ ಕಣ್ರೀ ಇವ್ರಿಗೆ," ಎಂದಳು ಹೆಂಡತಿ. ಆ ಷರತ್ತನ್ನೂ ಪಾಲಿಸಿದೆ. ನನ್ನ ಜೀವನದಲ್ಲಿ ಅತ್ಯಂತ ಯಶಸ್ವಿಯಾದ ಸಮಾರಂಭ ಅದೇ ಎಂದು ಹಲವರು ಹೇಳುತ್ತಾರೆ.

ಟೆಂಪೋ ಓಡತೊಡಗಿದ ಮೊದಲ ವಾರದಲ್ಲೇ ಒಂದು ಬೆಳಗ್ಗೆ ನಾನು ಶಾಲೆಗೆಂದು ಬಸ್ ನಿಲ್ದಾಣದ ಕಡೆಗೆ ನಡೆದು ಹೋಗುತ್ತಿದ್ದೆ. ಟೆಂಪೋ ಹಿಂದಿನಿಂದ ಬಂದು ಪಕ್ಕದಲ್ಲೇ ನಿಂತಿತು. ಕಿಟಕಿಯಲ್ಲಿ ನಮ್ಮ ಬೀದಿಯ ಹುಡುಗಿಯ ಮುಖ. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು. ಎಷ್ಟೋ ದಿನಗಳಿಂದ ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡಿದ್ದ ಮಾತನ್ನು ಅವಳು ಮೊದಲ ಬಾರಿಗೆ ತಾನೇ ಹೇಳಿದಳು.

"ಬನ್ನಿ ಮೇಷ್ಟ್ರೇ, ಹತ್ತಿ. ಜಾಗ ಐತೆ."

ಹತ್ತಿದೆ. ಅಪ್ಪ ಹೇಳಿದ್ದು ಸುಳ್ಳಲ್ಲ. ಕೆಲವರು ಕರೆದಾಗ ಬೇಡವೆನ್ನಬಾರದು.

ಜಾಗ ನಿಜವಾಗಿಯೂ ಇದೆ. ಮಕ್ಕಳನ್ನು ಎತ್ತಿ ಕೂರಿಸಲು, ಶಾಲೆಯ ಬಾಗಿಲಲ್ಲಿ ಕೈಹಿಡಿದು ಇಳಿಸಲು ಚಾಲಕನೊಬ್ಬನಿಂದ ಆಗುತ್ತಿಲ್ಲ. ಜೊತೆಗೆ ದೊಡ್ಡವರೊಬ್ಬರು ಬೇಕು. ಸೋಮವಾರ ನಾನು ಹೋಗುತ್ತೇನೆ, ಮಂಗಳವಾರ ಹಾಲಿನ ಬೈಕಿನವನು ಒಪ್ಪಿದ್ದಾನೆ. ಉಳಿದ ದಿನಗಳು ಖಾಲಿ ಇವೆ. ಬೆಳಗ್ಗೆ ಹಾರನಹಳ್ಳಿಯಿಂದ ಅರಸೀಕೆರೆಗೆ ಹೋಗುವವರು ನೀವಾಗಿದ್ದರೆ, ದಯವಿಟ್ಟು ವಾರಕ್ಕೆ ಒಂದು ದಿನ ನಿಮ್ಮ ಗಾಡಿಯನ್ನು ಮನೆಯಲ್ಲಿ ಬಿಟ್ಟು, ಆ ಮಕ್ಕಳ ಜೊತೆಗೆ ಟೆಂಪೋ ಹತ್ತಿ.