ಬಾಣಂತಿಮನೆಯ ಬೆಂಕಿಗೆ ಒಗ್ಗಿದ ಲಸಿಕೆ

ಲಾವೋಸಿನ ಊ ನದಿಯ ಮೇಲೆ ಮಂಜು ಇನ್ನೂ ಮಲಗಿದೆ. ಆರೋಗ್ಯ ಕೇಂದ್ರದ ಸೂಲಗಿತ್ತಿ ಪಿಲಾವನಕ್ಕ ಎದ್ದು, ದೋಣಿ ಹಿಡಿದು, ಬಂದೂ ಆಗಿದೆ. ಹೆಗಲಲ್ಲಿ ಲಸಿಕೆಯ ತಂಪುಪೆಟ್ಟಿಗೆ. ಎದುರಿಗೆ ಕಂಬಗಳ ಮೇಲಿನ ಬಿದಿರುಮನೆ, ಏಣಿಯ ತುದಿಯಲ್ಲಿ ಬುವಾ ಅಜ್ಜಿ. ನಿನ್ನೆ ಸಂಜೆ ಅಜ್ಜಿಯ ಸೊಸೆ ಕೇವ್‌ಗೆ ಹೆಣ್ಣುಮಗು ಹುಟ್ಟಿದೆ. ಬಾಣಂತಿ ಕೆಂಡದ ಪಕ್ಕದ ಮಂಚದಲ್ಲಿ ಮೈ ಕಾಯಿಸುತ್ತಿದ್ದಾಳೆ. ಈಗ ಆ ಮನೆಯೊಳಗೆ ತಣ್ಣನೆಯದೇನೂ ಹೋಗುವಂತಿಲ್ಲ.

“ಆ ಐಸು ಹೊತ್ಕೊಂಡು ಒಳಗೆ ಬರ್ಬೇಡ ಕಣೇ. ನೀನೊಬ್ಳೇ ಬಂದು ಅನ್ನ ತಿಂದು ಹೋಗು,” ಎನ್ನುತ್ತಾರೆ ಅಜ್ಜಿ.

ಪಿಲಾವನಕ್ಕ ಚುಚ್ಚುವುದು ಸೂಜಿಯಿಂದ ಮಾತ್ರ. ಮಾತಿನಿಂದ ಚುಚ್ಚುವುದನ್ನು ಅಜ್ಜಿಯಂಥವರಿಗೆ ಬಿಟ್ಟಿದ್ದಾರೆ. ಆದರೆ ಇಂದು ಮರಳುವಂತಿಲ್ಲ. ಕೇವ್‌ಳ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ. ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟುವ ಈ ವೈರಸ್ಸು ಯಕೃತ್ತಿನಲ್ಲಿ ವರ್ಷಗಟ್ಟಲೆ ಬಾಡಿಗೆ ಕೊಡದೆ ಸದ್ದಿಲ್ಲದೆ ಕೂತು, ಕೊನೆಗೆ ಮನೆಯನ್ನೇ ಕೆಡವಬಲ್ಲದು. ಹುಟ್ಟಿದ ಇಪ್ಪತ್ನಾಲ್ಕು ಗಂಟೆಯೊಳಗೆ ಮೊದಲ ಲಸಿಕೆ ಬಿದ್ದು, ಮುಂದಿನವೂ ತಪ್ಪದಿದ್ದರೆ ಬಹುಪಾಲು ಮಕ್ಕಳು ಪಾರಾಗುತ್ತಾರೆ.

ಹೋದ ವರ್ಷ ಇನ್ನೊಂದು ಮನೆಯವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಪೆಟ್ಟಿಗೆಯ ಚಳಿ ಬಿಡಿಸಲೆಂದು ಅದನ್ನು ಕೆಂಡದ ಬಳಿ ಇಟ್ಟಿದ್ದರು, ಮದ್ದೆಲ್ಲ ಹಾಳಾಯಿತು. ಅಂದಿನಿಂದ ಪೆಟ್ಟಿಗೆಯ ಜಾಗ ಮನೆಯಡಿಯ ನೆರಳು. ಪಿಲಾವನಕ್ಕ ಒಂದೇ ಸೀಸೆ ತೆಗೆದು ಅಂಗೈಗಳ ನಡುವೆ ಕೊಂಚ ಹೊತ್ತು ಹಿಡಿದು, ಏಣಿ ಹತ್ತಿ, ಅಜ್ಜಿಯ ಕೆನ್ನೆಗೆ ತಾಗಿಸುತ್ತಾರೆ.

“ನೋಡಜ್ಜಿ, ಐಸು ಕೆಳಗೇ ಉಳೀತು. ಇದು ನನ್ನ ಮೈಬಿಸಿ.”

“ಕೂಸಿಗೆ ಶೀತ ಆದ್ರೆ ನಿನ್ನನ್ನ ಬಿಡಲ್ಲ,” ಎನ್ನುತ್ತಲೇ ಅಜ್ಜಿ ದಾರಿ ಬಿಡುತ್ತಾರೆ.

ಪುಟ್ಟ ತೊಡೆಗೆ ಸೂಜಿ ಇಳಿಯುತ್ತದೆ. ಮಗುವಿನ ಕಿರುಚಾಟವನ್ನು ಪಿಲಾವನಕ್ಕ ಹಾಗೆಯೇ ಅಣಕಿಸಿ ತೋರಿಸಿದಾಗ ಬಾಣಂತಿಗೂ ನಗು. ನಗು ನಿಂತ ಮೇಲೆ ಕೇವ್ ಮೆಲ್ಲಗೆ ಕೇಳುತ್ತಾಳೆ, ಎದೆಹಾಲು ಕೊಡಬಹುದೇ ಎಂದು.

“ಧಾರಾಳವಾಗಿ ಕೊಡು. ಎಲ್ರೂ ಒಂದೇ ಬುಟ್ಟಿ ಅನ್ನ ತಿನ್ನಿ, ಏನಾಗಲ್ಲ. ರೇಜರು, ಹಲ್ಲುಜ್ಜೋ ಬ್ರಷ್ಷು ಮಾತ್ರ ಹಂಚ್ಕೋಬೇಡಿ. ಮೈ ಗಟ್ಟಿಯಾದ್ಮೇಲೆ ಆಸ್ಪತ್ರೆಗೆ ಬಾ, ಗುಳಿಗೆ ಬೇಕೋ ಬೇಡ್ವೋ ನೋಡ್ತಾರೆ. ನಾನು ದಿನಾ ಒಂದು ನುಂಗ್ತೀನಿ, ಹೇಗಿದೀನಿ ನೋಡು.”

ಹೌದು, ಅವರಿಗೂ ಇದು ತಾಯಿಯಿಂದಲೇ ಬಂದದ್ದು; ಅವರು ಹುಟ್ಟಿದಾಗ ಈ ದಂಡೆಗೆ ಲಸಿಕೆ ಬಂದಿರಲಿಲ್ಲ. ಅದನ್ನು ಇಂದೇ ತಿಳಿದ ಅಜ್ಜಿ ಒಳಗೆ ಹೋಗಿ ಬಿಳಿನೂಲು ತಂದು, ಹರಸುತ್ತ ಪಿಲಾವನಕ್ಕನ ಮಣಿಕಟ್ಟಿಗೆ ಕಟ್ಟುತ್ತಾರೆ. ಮೊಮ್ಮಗಳು ದೊಡ್ಡವಳಾದ ಮೇಲೆ ನಿನ್ನನ್ನು ಮರೆಯದ ಹಾಗೆ ಬೆಳೆಸುತ್ತೇನೆ ಎಂದು ಮಾತು ಕೊಡುತ್ತಾರೆ.

ಪಿಲಾವನಕ್ಕ ತಲೆಯಾಡಿಸುತ್ತಾರೆ. “ಬೇಡಜ್ಜಿ, ಮರೀಲಿ. ಈ ಕಾಯಿಲೆ ಹೆಸರೂ ನೆನಪಿಗೆ ಬರ್ದಂಗೆ ಬಾಳಿದ್ರೆ ನಂಗಷ್ಟೇ ಸಾಕು.”